ಬಯೋಡೇಟಾದ ಸುಳ್ಳು ಎಲ್ಲಿಯವರೆಗೆ ಬೆನ್ನು ಹತ್ತುತ್ತದೆ?

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಗಾದೆ ನಮ್ಮಲ್ಲಿದೆ. ಪಿಯುಸಿಗೆ ಓದು ಬಿಟ್ಟ ವರ ಪದವೀಧರನಾಗುವುದು, ಬಾಡಿಗೆ ಮನೆ ಸ್ವಂತದ್ದಾಗುವುದು ಹೆಣ್ಣು ನೋಡುವ ಶಾಸ್ತ್ರದಲ್ಲಿ ಮಾಮೂಲು. ಅದೇ ಗಾದೆಯನ್ನು ಈಗ ಕೆಲಸ ಹುಡುಕುವವರ ಕಿವಿಯಲ್ಲಿ ಊದುವವರು ಬೇಕಾದಷ್ಟಿದ್ದಾರೆ. 'ಎರಡು ವರ್ಷದ ಅನುಭವ ಎಂದು ಹಾಕಿಬಿಡು, ಯಾರು ನೋಡುತ್ತಾರೆ?'

ನೋಡುವವರಿದ್ದಾರೆ. ಸಂದರ್ಶನ ಮುಗಿದು, ಸಂಬಳ ನಿಗದಿಯಾಗಿ, ಮನೆಯಲ್ಲಿ ಸಿಹಿ ಹಂಚಿದ ಮೇಲೆ ಒಂದು ಇಮೇಲ್ ಬರುತ್ತದೆ: ಅಂಕಪಟ್ಟಿಗಳನ್ನು ಕಳುಹಿಸಿ, ಭವಿಷ್ಯನಿಧಿ ಖಾತೆಯ ವಿವರ ಕೊಡಿ, ಪರಿಶೀಲನೆಗೆ ಒಪ್ಪಿಗೆ ಇದೆ ಎಂದು ಸಹಿ ಮಾಡಿ. ನೇಮಕಾತಿ ಪತ್ರವನ್ನು ಮತ್ತೊಮ್ಮೆ ತೆರೆದರೆ ಕೊನೆಯ ಪುಟದಲ್ಲಿ ಸಣ್ಣಕ್ಷರದ ಸಾಲೊಂದು ಸಿಗುತ್ತದೆ. ಈ ನೇಮಕಾತಿಯು ಹಿನ್ನೆಲೆ ಪರಿಶೀಲನೆಗೆ ಒಳಪಟ್ಟಿದೆ ಎಂಬುದು ಆ ಸಾಲು. ಅಂದರೆ ತಾಂಬೂಲ ಬದಲಾಗಿದೆ, ಧಾರೆ ಇನ್ನೂ ಆಗಿಲ್ಲ. ಅನೇಕರು ಆ ಸಾಲನ್ನು ಮೊದಲ ಸಲ ಓದುವುದು ಆ ದಿನವೇ.

ಎರಡು ಕಾಗದಗಳು, ಎರಡು ತೂಕ

ಕೆಲಸ ಕೇಳುವಾಗ ನಾವು ಎರಡು ಬಗೆಯ ಕಾಗದಗಳನ್ನು ಕೊಡುತ್ತೇವೆ. ಮೊದಲನೆಯದು ರೆಸ್ಯೂಮೆ ಅಥವಾ ಬಯೋಡೇಟಾ. ಅದನ್ನು ಬರೆಯುವವರು ನಾವೇ. ಏನು ಹಾಕಬೇಕು, ಏನು ಬಿಡಬೇಕು ಎಂಬ ಆಯ್ಕೆಯೂ ನಮ್ಮದೇ. ಅಂಗಡಿಯವನು ಚೆನ್ನಾಗಿರುವ ಮಾವಿನಹಣ್ಣನ್ನು ಮೇಲಿಟ್ಟು ಜೋಡಿಸಿದಂತೆ ಅದು.

ಎರಡನೆಯದು ಕಂಪನಿ ಅಥವಾ ಸರ್ಕಾರ ಕೊಡುವ ಅರ್ಜಿ ನಮೂನೆ. ಅಲ್ಲಿ ಪ್ರಶ್ನೆ ಅವರದು, ಉತ್ತರ ನಮ್ಮದು. ಕೊನೆಯಲ್ಲಿ 'ಮೇಲಿನ ವಿವರಗಳು ನನಗೆ ತಿಳಿದಮಟ್ಟಿಗೆ ಸತ್ಯ, ಸುಳ್ಳೆಂದು ಕಂಡುಬಂದರೆ ನನ್ನನ್ನು ಕೆಲಸದಿಂದ ತೆಗೆಯಬಹುದು' ಎಂಬರ್ಥದ ಘೋಷಣೆ ಇರುತ್ತದೆ, ಅದರ ಕೆಳಗೆ ನಮ್ಮ ಸಹಿ. ಮುಂದೆ ತಕರಾರು ಬಂದಾಗ ಮೇಜಿನ ಮೇಲೆ ಮೊದಲು ಬೀಳುವುದು ಸಾಮಾನ್ಯವಾಗಿ ಈ ಎರಡನೆಯ ಕಾಗದ. ಹಾಗೆಂದು ರೆಸ್ಯೂಮೆಯಲ್ಲಿ ಏನು ಬೇಕಾದರೂ ಬರೆಯಬಹುದು ಎಂದೇನಲ್ಲ. ಅಲ್ಲಿ ಹುಟ್ಟಿದ ಸುಳ್ಳು ಅರ್ಜಿ ನಮೂನೆಗೆ ದಾಟಿದಾಗ ಅದಕ್ಕೆ ಸಹಿ ಬೀಳುತ್ತದೆ, ಅಷ್ಟೆ.

ಬಾಯಿ ಮುಚ್ಚಿಕೊಂಡಿದ್ದರೆ ಅದು ಸುಳ್ಳೇ?

ಉತ್ತರಕ್ಕೆ ಹಳೆಯ ಕಾನೂನೊಂದರಲ್ಲಿ ಒಂದು ಕುದುರೆಯಿದೆ. 1872ರ ಭಾರತೀಯ ಒಪ್ಪಂದ ಕಾಯ್ದೆಯ 17ನೇ ಕಲಮು ವಂಚನೆ ಎಂದರೇನು ಎಂದು ಹೇಳಿ, ಕೆಳಗೆ ಉದಾಹರಣೆಗಳನ್ನು ಕೊಡುತ್ತದೆ. ಒಬ್ಬನ ಕುದುರೆಗೆ ದೋಷವಿದೆ, ಅದು ಅವನಿಗೆ ಗೊತ್ತು. ಇನ್ನೊಬ್ಬನಿಗೆ ಅದನ್ನು ಮಾರುವಾಗ ಏನೂ ಹೇಳದೆ ಸುಮ್ಮನಿರುತ್ತಾನೆ. ಇದು ವಂಚನೆಯಲ್ಲ. ಆದರೆ ಕೊಳ್ಳುವವನು 'ನೀನು ಇಲ್ಲ ಎನ್ನದಿದ್ದರೆ ಕುದುರೆ ಸರಿಯಾಗಿದೆ ಎಂದುಕೊಳ್ಳುತ್ತೇನೆ' ಎಂದು ಹೇಳಿದ ಮೇಲೂ ಸುಮ್ಮನಿದ್ದರೆ? ಆಗ ಆ ಮೌನ ಮಾತಿಗೆ ಸಮ.

ಕೆಲಸದ ಅರ್ಜಿಗೂ ಇದೇ ಅಳತೆ ಹಿಡಿದು ನೋಡಬಹುದು. ಮೂರು ತಿಂಗಳು ದುಡಿದು ಬಿಟ್ಟ ಕೆಲಸವನ್ನು ರೆಸ್ಯೂಮೆಯಲ್ಲಿ ನಮೂದಿಸದೆ ಇರುವುದು ಮೊದಲ ಬಗೆಯ ಮೌನ. 'ಈ ಹಿಂದೆ ಕೆಲಸ ಮಾಡಿದ ಎಲ್ಲ ಸಂಸ್ಥೆಗಳನ್ನು ಬರೆಯಿರಿ' ಎಂದು ನಮೂನೆ ಕೇಳಿದ ಮೇಲೂ ಬಿಡುವುದು ಎರಡನೆಯ ಬಗೆಯದು. 'ಎಲ್ಲ' ಎಂಬ ಪುಟ್ಟ ಪದ ಅಲ್ಲಿ ಕುದುರೆ ಕೊಳ್ಳುವವನ ಪ್ರಶ್ನೆಯಾಗಿ ನಿಂತಿರುತ್ತದೆ.

ಬಣ್ಣನೆಗೂ ಸುಳ್ಳಿಗೂ ನಡುವೆ ಇರುವ ಗೆರೆ ಪರೀಕ್ಷಿಸಬಹುದಾದ ಸಂಗತಿಯ ಮೇಲೆ ಬೀಳುತ್ತದೆ. 'ಶ್ರಮಜೀವಿ, ತಂಡದಲ್ಲಿ ಬೆರೆಯುವ ಸ್ವಭಾವ' ಎಂದು ಬರೆದದ್ದಕ್ಕೆ ಯಾರೂ ಕೆಲಸ ಕಳೆದುಕೊಂಡಿರಲಾರರು. ಅದನ್ನು ಯಾರೂ ನಂಬುವುದೂ ಇಲ್ಲ, ಬಿಡಿ. ಪದವಿ, ತೇರ್ಗಡೆಯಾದ ವರ್ಷ, ಅಂಕ, ಹುದ್ದೆಯ ಹೆಸರು, ಸೇರಿದ ಮತ್ತು ಬಿಟ್ಟ ದಿನಾಂಕ, ಸಂಬಳ: ಇವಕ್ಕೆ ಎಲ್ಲೋ ಒಂದು ಕಡೆ ದಾಖಲೆ ಇರುತ್ತದೆ. ಬಿ.ಕಾಂ. ಮೂರು ವರ್ಷ ಓದಿ ಎರಡು ವಿಷಯ ಉಳಿಸಿಕೊಂಡವರು 'ಬಿ.ಕಾಂ.' ಎಂದಷ್ಟೇ ಬರೆದರೆ, ಓದುವವರ ಮನಸ್ಸಿನಲ್ಲಿ ಮೂಡುವುದು ಪದವೀಧರರ ಚಿತ್ರ. 'ಬಿ.ಕಾಂ., ಎರಡು ವಿಷಯ ಬಾಕಿ' ಎಂದರೆ ತಕರಾರಿಲ್ಲ.

ತಪ್ಪು ಲೆಕ್ಕವೂ ಸುಳ್ಳಿನಂತೆ ಕಾಣುವ ಪ್ರಸಂಗ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಚೆನ್ನಾಗಿ ಗೊತ್ತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಸ್ಕೀಮ್‌ನಲ್ಲಿ ಓದಿದವರು ಸಿಜಿಪಿಎಯನ್ನು, ಅಂದರೆ ಹತ್ತಕ್ಕೆ ಲೆಕ್ಕ ಹಾಕಿದ ಸರಾಸರಿ ಅಂಕವನ್ನು, ಶೇಕಡಾವಾರಿಗೆ ತಿರುಗಿಸಲು ಅದರಿಂದ 0.75 ಕಳೆದು ಹತ್ತರಿಂದ ಗುಣಿಸಬೇಕು. 7.25 ಇದ್ದವರಿಗೆ ಶೇ 65 ಬರುತ್ತದೆ. ನೇರವಾಗಿ ಹತ್ತರಿಂದ ಗುಣಿಸಿ 72.5 ಎಂದು ಬರೆದವರು ಮೋಸ ಮಾಡಲು ಹೊರಟವರಲ್ಲ. ಆದರೆ ಶೇ 70ರ ಗಡಿ ಇಟ್ಟ ಕಂಪನಿಯ ಕಣ್ಣಿಗೆ ಬೇರೆಯದೇ ಕಾಣಬಹುದು. ಅಂಕಪಟ್ಟಿಯಲ್ಲಿ ಸಿಜಿಪಿಎ ಇದ್ದರೆ ಸಿಜಿಪಿಎಯನ್ನೇ ಬರೆಯುವುದು ಸುರಕ್ಷಿತ.

ಪತ್ತೆ ಮಾಡುವುದು ಹೇಗೆ?

ಹಿನ್ನೆಲೆ ಪರಿಶೀಲನೆಗೆಂದೇ ಪ್ರತ್ಯೇಕ ಸಂಸ್ಥೆಗಳಿವೆ. ದೊಡ್ಡ ಕಂಪನಿಗಳು ಈ ಕೆಲಸವನ್ನು ಅವುಗಳಿಗೆ ವಹಿಸುತ್ತವೆ. ಪತ್ತೇದಾರಿಕೆಯ ರೋಮಾಂಚನವೇನೂ ಅದರಲ್ಲಿಲ್ಲ. ಒಂದು ಕಾಗದದ ದಿನಾಂಕವನ್ನು ಇನ್ನೊಂದರ ಜೊತೆ ತಾಳೆ ಹಾಕುವ ಗುಮಾಸ್ತಿಕೆ ಅದು.

ಪದವಿಯ ವಿಷಯ ಸರಳ. ಅಂಕಪಟ್ಟಿಯ ಪ್ರತಿಯನ್ನು ವಿಶ್ವವಿದ್ಯಾಲಯದ ಮೌಲ್ಯಮಾಪನ ಕುಲಸಚಿವರ ಕಚೇರಿಗೆ ಶುಲ್ಕದೊಂದಿಗೆ ಕಳುಹಿಸಿ, ಇದು ನಿಮ್ಮದೇ ಎಂದು ಕೇಳುತ್ತಾರೆ. ಮೊದಲು ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಈಗ ರಾಷ್ಟ್ರೀಯ ಶೈಕ್ಷಣಿಕ ಭಂಡಾರ ಡಿಜಿಲಾಕರ್ ಮೂಲಕ ನಡೆಯುತ್ತಿರುವುದರಿಂದ, ಅದಕ್ಕೆ ಸೇರಿಸಿದ ಪ್ರಮಾಣಪತ್ರಗಳನ್ನು ನಿಮಿಷಗಳಲ್ಲಿ ನೋಡಬಹುದು. ಪದವಿ ಅಸಲಿಯಾದರೂ ಕೊಟ್ಟ ಸಂಸ್ಥೆ ನಕಲಿಯಾಗಿರಬಹುದು. 1956ರ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಕಾಯ್ದೆಯ ಪ್ರಕಾರ ಪದವಿ ಕೊಡುವ ಹಕ್ಕು ಇರುವುದು ಕಾನೂನಿನ ಮೂಲಕ ಸ್ಥಾಪನೆಯಾದ ಅಥವಾ ಮಾನ್ಯತೆ ಪಡೆದ ಸಂಸ್ಥೆಗಳಿಗೆ ಮಾತ್ರ. ಹಾಗಲ್ಲದವುಗಳ ಪಟ್ಟಿಯನ್ನು ಆಯೋಗವೇ ಪ್ರಕಟಿಸುತ್ತದೆ. ಹಣ ಕಟ್ಟಿ, ಪರೀಕ್ಷೆಯನ್ನೂ ಬರೆದು, ತಾನು ಪಡೆದದ್ದು ಪದವಿಯೇ ಅಲ್ಲ ಎಂದು ಕೆಲಸ ಸಿಕ್ಕ ಮೇಲೆ ತಿಳಿಯುವ ಪಾಡು ಯಾರಿಗೂ ಬೇಡ. ಸೇರುವ ಮೊದಲೇ ಆ ಪಟ್ಟಿ ನೋಡುವುದಕ್ಕೆ ಐದು ನಿಮಿಷ ಸಾಕು.

ಅನುಭವದ ವಿಷಯದಲ್ಲಿ ಪರಿಸ್ಥಿತಿ ಪೂರ್ತಿ ಬದಲಾದದ್ದು ಯುಎಎನ್, ಅಂದರೆ ಭವಿಷ್ಯನಿಧಿಯ ಸಾರ್ವತ್ರಿಕ ಖಾತೆ ಸಂಖ್ಯೆ, ಬಂದ ಮೇಲೆ. 2014ರಲ್ಲಿ ಭವಿಷ್ಯನಿಧಿ ಸಂಘಟನೆಯು ಪ್ರತಿ ಸದಸ್ಯನಿಗೂ ಶಾಶ್ವತವಾದ ಹನ್ನೆರಡು ಅಂಕಿಗಳ ಸಂಖ್ಯೆಯೊಂದನ್ನು ಕೊಟ್ಟಿತು. ಕೆಲಸ ಬದಲಾದರೂ ಸಂಖ್ಯೆ ಬದಲಾಗುವುದಿಲ್ಲ. ನೀವು ಯಾವ ಸಂಸ್ಥೆಯಲ್ಲಿ ಯಾವಾಗ ಸೇರಿದಿರಿ, ಯಾವಾಗ ಬಿಟ್ಟಿರಿ ಎಂಬುದು ಅದರಡಿ ಸಾಲಾಗಿ ದಾಖಲಾಗುತ್ತದೆ. ನಿಮ್ಮ ವೃದ್ಧಾಪ್ಯದ ಉಳಿತಾಯಕ್ಕೆಂದು ಹುಟ್ಟಿದ ಪುಸ್ತಕ ಹೀಗೆ ನಿಮ್ಮ ವೃತ್ತಿಜೀವನದ ಹಾಜರಿ ಪುಸ್ತಕವೂ ಆಗಿಬಿಟ್ಟಿದೆ. ಇದರ ಜೊತೆಗೆ ಆದಾಯ ತೆರಿಗೆಯ 26ಎಎಸ್ ವಿವರಪಟ್ಟಿಯನ್ನು ಕೇಳುವವರೂ ಇದ್ದಾರೆ. ನಿಮ್ಮ ಸಂಬಳದಲ್ಲಿ ತೆರಿಗೆ ಮುರಿದವರು ಯಾರು, ಎಷ್ಟು ಎಂದು ಅದರಲ್ಲಿರುತ್ತದೆ. ಅನುಭವ ಪತ್ರದಲ್ಲಿ ಮೂರು ವರ್ಷ, ಭವಿಷ್ಯನಿಧಿಯಲ್ಲಿ ಹನ್ನೊಂದು ತಿಂಗಳು ಎಂದಿದ್ದರೆ ಹೆಚ್ಚಿನ ತನಿಖೆಯೇ ಬೇಕಿಲ್ಲ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಭವಿಷ್ಯನಿಧಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಕೆಲಸವೇ ಮಾಡಿಲ್ಲ ಎಂದಾಗುವುದಿಲ್ಲ. ಆ ಕಾನೂನು ಸಾಮಾನ್ಯವಾಗಿ ಅನ್ವಯವಾಗುವುದು 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ. ದಾವಣಗೆರೆಯ ಲೆಕ್ಕಪರಿಶೋಧಕರ ಕಚೇರಿಯಲ್ಲೋ ಹುಬ್ಬಳ್ಳಿಯ ಎಂಟು ಜನರ ಸಾಫ್ಟ್‌ವೇರ್ ಅಂಗಡಿಯಲ್ಲೋ ನಾಲ್ಕು ವರ್ಷ ಪ್ರಾಮಾಣಿಕವಾಗಿ ದುಡಿದವರ ಹೆಸರು ಅಲ್ಲಿ ಇಲ್ಲದಿರಬಹುದು. ಅಂಥವರು ಸಂಬಳ ಜಮೆಯಾದ ಬ್ಯಾಂಕ್ ವಿವರ, ನೇಮಕಾತಿ ಪತ್ರ, ಬಿಡುಗಡೆ ಪತ್ರಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಸಂಬಳ ನಗದಾಗಿ ಬರುತ್ತಿದ್ದರೆ ಬ್ಯಾಂಕ್ ಮೂಲಕ ಕೊಡಿ ಎಂದು ಈಗಲೇ ಕೇಳುವುದು ಮೇಲು. ಇನ್ನೊಂದು ತೊಡಕೂ ಉಂಟು. ಹಳೆಯ ಕಂಪನಿ ನೀವು ಬಿಟ್ಟ ದಿನಾಂಕವನ್ನು ನಮೂದಿಸದಿದ್ದರೆ, ಒಂದೇ ಕಾಲದಲ್ಲಿ ಎರಡು ಕಡೆ ಕೆಲಸ ಮಾಡಿದಂತೆ ಕಾಣುತ್ತದೆ. ಕೊನೆಯ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ ಆ ದಿನಾಂಕವನ್ನು ಸದಸ್ಯರೇ ಪೋರ್ಟಲ್‌ನಲ್ಲಿ ಹಾಕಿಕೊಳ್ಳಬಹುದು.

ಬಾಡಿಗೆಗೆ ಸಿಗುವ ಅನುಭವ

ಬೆಂಗಳೂರಿನ ಬಿಟಿಎಂ ಲೇಔಟ್, ಮಾರತ್ತಹಳ್ಳಿಯ ಬೀದಿಗಳಲ್ಲಿ ಓಡಾಡಿದವರಿಗೆ ತರಬೇತಿ ಕೇಂದ್ರಗಳ ಫಲಕಗಳು ಹೊಸದಲ್ಲ. ಅವುಗಳಲ್ಲಿ ನಿಜವಾಗಿ ಕಲಿಸುವವು ಬಹಳ ಇವೆ. ಇವುಗಳ ನೆರಳಲ್ಲೇ ಇನ್ನೊಂದು ವ್ಯಾಪಾರವೂ ಬೆಳೆದಿದೆ. ಹಣ ಕೊಟ್ಟರೆ ಹೆಸರಿಗಷ್ಟೇ ಇರುವ ಕಂಪನಿಯೊಂದರ ನೇಮಕಾತಿ ಪತ್ರ, ಸಂಬಳ ಚೀಟಿಗಳು, ಬಿಡುಗಡೆ ಪತ್ರ, ವಿಚಾರಿಸಿದರೆ 'ಹೌದು, ಇವರು ನಮ್ಮಲ್ಲಿದ್ದರು' ಎನ್ನುವ ಒಂದು ಫೋನ್ ನಂಬರ್, ಎಲ್ಲವೂ ಸಿಗುತ್ತವೆ. ಇನ್ನೂ ನಾಜೂಕಿನವರು ಭವಿಷ್ಯನಿಧಿಯ ವಂತಿಗೆಯನ್ನೂ ಕಟ್ಟಿ ತೋರಿಸುತ್ತಾರೆ.

ಇದನ್ನು ಕೊಳ್ಳುವವರನ್ನು ಖಳರೆಂದು ಬಿಡುವುದು ಸುಲಭ. ಆದರೆ ಹೊಸಬರ ಹುದ್ದೆಗೂ ಅನುಭವ ಕೇಳುವ ಜಾಹೀರಾತುಗಳ ನಡುವೆ, ಊರಲ್ಲಿ ಸಾಲ ಮಾಡಿ ಓದಿಸಿದ ತಂದೆಯ ಫೋನ್ ಬಂದಾಗಲೆಲ್ಲ ಏನು ಹೇಳುವುದೆಂದು ತಿಳಿಯದ ಹುಡುಗ ಆ ಬಾಗಿಲು ತಟ್ಟಿರುತ್ತಾನೆ. ಅವನಿಗೆ ಯಾರೂ ಹೇಳದ ಒಂದು ವಿಷಯವಿದೆ. ಅದೇ ಕಂಪನಿಯ ಹೆಸರಿನಲ್ಲಿ ನೂರಾರು ಜನ ಪತ್ರ ತಂದಿರುತ್ತಾರೆ. ಪರಿಶೀಲನಾ ಸಂಸ್ಥೆಗಳು ಇಂಥ ಸಂಶಯಾಸ್ಪದ ಹೆಸರುಗಳ ಪಟ್ಟಿಯನ್ನೇ ಇಟ್ಟುಕೊಂಡಿರುತ್ತವೆ. ಒಬ್ಬ ಸಿಕ್ಕಿದರೆ ಆ ಹೆಸರು ಪಟ್ಟಿಗೆ ಸೇರುತ್ತದೆ. ಅಲ್ಲಿಂದ ಹಿಂದಕ್ಕೆ ಹೋಗಿ, ಆಗಲೇ ಕೆಲಸದಲ್ಲಿರುವವರ ಕಡತಗಳನ್ನೂ ತೆರೆಯಬಹುದು. 2022ರ ಕೊನೆಯಲ್ಲಿ ಅಕ್ಸೆಂಚರ್ ಕಂಪನಿಯು ಭಾರತದಲ್ಲಿ ಅಸಲಿಯಲ್ಲದ ಕಂಪನಿಗಳ ದಾಖಲೆ ಮತ್ತು ಅನುಭವ ಪತ್ರ ಕೊಟ್ಟವರನ್ನು ಕೆಲಸದಿಂದ ತೆಗೆದಿರುವುದಾಗಿ ಬಹಿರಂಗವಾಗಿಯೇ ಹೇಳಿತು. ಪತ್ರ ಮಾರಿದವನು ಅಷ್ಟರಲ್ಲಿ ಬೋರ್ಡಿನ ಹೆಸರು ಬದಲಿಸಿ ಪಕ್ಕದ ರಸ್ತೆಗೆ ಹೋಗಿರುತ್ತಾನೆ.

ಅದೇ ಪತ್ರ ಮುಂದೆ ಅಮೆರಿಕದ ವೀಸಾ ಅರ್ಜಿಯ ಜೊತೆ ಹೋದರೆ ಕಥೆ ಇನ್ನೂ ಬಿಗಡಾಯಿಸುತ್ತದೆ. ಮುಖ್ಯವಾದ ಸಂಗತಿಯನ್ನು ಬೇಕೆಂದೇ ತಪ್ಪಾಗಿ ಹೇಳಿದವರು ಆ ದೇಶದ ವಲಸೆ ಕಾನೂನಿನಡಿ ಶಾಶ್ವತವಾಗಿ ಪ್ರವೇಶಕ್ಕೆ ಅನರ್ಹರಾಗುತ್ತಾರೆ. ವಿನಾಯಿತಿಗೆ ದಾರಿಗಳಿವೆ, ಆದರೆ ಅವು ಇಕ್ಕಟ್ಟಿನವು.

ಕಡಿಮೆ ಹೇಳಿದರೂ ಸುಳ್ಳೇ

ಇಲ್ಲದ್ದನ್ನು ಇದೆ ಎನ್ನುವುದು ತಪ್ಪು, ಸರಿ. ಇರುವುದನ್ನು ಇಲ್ಲ ಎಂದರೆ? ಈ ಪ್ರಶ್ನೆ 2020ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂತು. ಪಂಜಾಬ್ ನ್ಯಾಷನಲ್ ಬ್ಯಾಂಕ್ ಜವಾನನ ಹುದ್ದೆಗೆ ಅರ್ಜಿ ಕರೆದಿತ್ತು. ಹನ್ನೆರಡನೇ ತರಗತಿ ಪಾಸಾಗಿರಬೇಕು, ಆದರೆ ಪದವೀಧರರಾಗಿರಬಾರದು ಎಂದು ಜಾಹೀರಾತು ಹೇಳಿತ್ತು. ಒಡಿಶಾದ ಅಭ್ಯರ್ಥಿಯೊಬ್ಬರು 2014ರಲ್ಲೇ ಪದವಿ ಪಡೆದಿದ್ದರೂ ಅರ್ಜಿಯಲ್ಲಿ ಹನ್ನೆರಡನೇ ತರಗತಿಯನ್ನಷ್ಟೇ ತೋರಿಸಿ ಆಯ್ಕೆಯಾದರು. ಬ್ಯಾಂಕಿಗೆ ವಿಷಯ ತಿಳಿಯಿತು, ಕೆಲಸ ಹೋಯಿತು. ಹೈಕೋರ್ಟ್ ಅಭ್ಯರ್ಥಿಯ ಪರ ನಿಂತಿತಾದರೂ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಯಾವ ಹುದ್ದೆಗೆ ಯಾವ ಓದು ಬೇಕೆಂದು ತೀರ್ಮಾನಿಸುವುದು ನೇಮಿಸಿಕೊಳ್ಳುವವರ ಹಕ್ಕು, ಷರತ್ತು ತಪ್ಪೆನಿಸಿದ್ದರೆ ಅದನ್ನು ಮೊದಲೇ ಪ್ರಶ್ನಿಸಬೇಕಿತ್ತು, ಪದವಿಯನ್ನು ಮುಚ್ಚಿಟ್ಟು ಕೆಲಸಕ್ಕೆ ಸೇರಿದವರು ಆಮೇಲೆ ಹಕ್ಕು ಕೇಳಲಾಗದು ಎಂಬುದು ತೀರ್ಪಿನ ತಿರುಳು.

ಹೆಚ್ಚು ಓದಿದ ತಪ್ಪಿಗೆ ಕೆಲಸ ಹೋಯಿತೇ ಎಂದು ಓದುವಾಗ ಮನಸ್ಸು ಕಸಿವಿಸಿಗೊಳ್ಳುತ್ತದೆ. ಬ್ಯಾಂಕಿನ ಕಡೆಯಿಂದ ನೋಡಿದರೆ ಆ ಜವಾನನ ಹುದ್ದೆ ಹೆಚ್ಚು ಓದಲಾಗದವರಿಗೆ ಮೀಸಲಿಟ್ಟ ತಟ್ಟೆ. ಪದವೀಧರರೊಬ್ಬರು ಅದಕ್ಕೆ ಕೈ ಹಾಕಿದರೆ ಹನ್ನೆರಡನೇ ತರಗತಿಯ ಯಾರೋ ಒಬ್ಬರು ಉಪವಾಸ.

ನಮ್ಮ ರಾಜ್ಯ ಸರ್ಕಾರದ ನೇಮಕಾತಿಗಳಲ್ಲಿ ಗ್ರಾಮೀಣ ಅಭ್ಯರ್ಥಿ, ಕನ್ನಡ ಮಾಧ್ಯಮ, ಕಲ್ಯಾಣ ಕರ್ನಾಟಕದ 371ಜೆ ಪ್ರಮಾಣಪತ್ರಗಳಿಗೂ ಇದೇ ಮಾತು. ಅಲ್ಲಿ ಪ್ರಮಾಣಪತ್ರವೇ ಅರ್ಹತೆಯ ಭಾಗ, ಅದರ ಸುಳ್ಳೂ ಅರ್ಹತೆಯ ಸುಳ್ಳೇ.

ಸಿಕ್ಕಿಬಿದ್ದರೆ ಏನಾಗುತ್ತದೆ?

ಸೇರುವ ಮೊದಲೇ ಗೊತ್ತಾದರೆ ನೇಮಕಾತಿ ಪತ್ರ ವಾಪಸಾಗುತ್ತದೆ, ಸಾಮಾನ್ಯವಾಗಿ ಅಲ್ಲಿಗೆ ಮುಗಿಯುತ್ತದೆ. ಸೇರಿದ ಮೇಲಾದರೆ ಮತ್ತೆ ಅದೇ ಒಪ್ಪಂದ ಕಾಯ್ದೆ. ಅದರ 19ನೇ ಕಲಮಿನ ಪ್ರಕಾರ ವಂಚನೆಯಿಂದ ಒಪ್ಪಿಗೆ ಪಡೆದ ಒಪ್ಪಂದವನ್ನು ಮೋಸಹೋದವರು ರದ್ದು ಮಾಡಬಹುದು. ಸರ್ಕಾರಿ ನೌಕರಿಯಲ್ಲಿ ಕಾಯಂ ಆದವರನ್ನು ತೆಗೆಯಲು ವಿಚಾರಣೆ ನಡೆಸಬೇಕಾಗುತ್ತದೆ, ಖಾಸಗಿಯಲ್ಲಿ ಅಷ್ಟು ಸುತ್ತು ಇರುವುದಿಲ್ಲ.

ಸುಳ್ಳು ಹೇಳುವುದಕ್ಕೂ ಸುಳ್ಳು ದಾಖಲೆ ತರುವುದಕ್ಕೂ ಕಾನೂನಿನ ಕಣ್ಣಲ್ಲಿ ದೊಡ್ಡ ಅಂತರವಿದೆ. ಸಂದರ್ಶನದಲ್ಲಿ ಬಾಯಿಮಾತಿಗೆ ಸಂಬಳ ಏರಿಸಿ ಹೇಳಿದ್ದಕ್ಕೆ ಪೊಲೀಸರು ಮನೆಗೆ ಬಂದ ಉದಾಹರಣೆ ಸಿಗುವುದು ಕಷ್ಟ. ತಿದ್ದಿದ ಅಂಕಪಟ್ಟಿ ಕೊಟ್ಟರೆ ಅದು ನೇರ ಅಪರಾಧ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಗೆ 318ನೇ, ಖೊಟ್ಟಿ ದಾಖಲೆ ಸೃಷ್ಟಿಗೆ 336ನೇ, ಅದನ್ನು ಅಸಲಿ ಎಂದು ಬಳಸುವುದಕ್ಕೆ 340ನೇ ಕಲಮು ಇವೆ. ವಂಚನೆಗೆಂದೇ ಖೊಟ್ಟಿ ದಾಖಲೆ ಮಾಡಿದರೆ ಏಳು ವರ್ಷದವರೆಗೆ ಶಿಕ್ಷೆಯಾಗಬಹುದು. (ನಾವು ಬೈಗುಳವಾಗಿ ಬಳಸುತ್ತಿದ್ದ ಫೋರ್ ಟ್ವೆಂಟಿ ಈಗ 318 ಆಗಿದೆ. ಬೈಗುಳ ಮಾತ್ರ ಹಳೆಯ ಸಂಖ್ಯೆಯಲ್ಲೇ ಉಳಿಯುವಂತೆ ಕಾಣುತ್ತದೆ.) ದಾಖಲೆ ತಯಾರಿಸಿದವರು ಬೇರೆ, ನಾನು ಕೊಟ್ಟವನಷ್ಟೇ ಎಂಬ ವಾದಕ್ಕೆ ಬೆಲೆಯಿಲ್ಲ. ಖೊಟ್ಟಿ ಎಂದು ಗೊತ್ತಿದ್ದೂ ಬಳಸಿದವರಿಗೆ ತಯಾರಿಸಿದವರಷ್ಟೇ ಶಿಕ್ಷೆ.

ವರ್ಷಗಳು ಕಳೆದರೆ ಸುಳ್ಳು ಮಾಸಿಹೋಗುತ್ತದೆ ಎಂಬ ನಂಬಿಕೆ ಅನೇಕರಲ್ಲಿದೆ. ಕೇರಳದಲ್ಲಿ ಸುಳ್ಳು ಜಾತಿ ಪ್ರಮಾಣಪತ್ರದಿಂದ ಪೊಲೀಸ್ ಅಧಿಕಾರಿಯಾದವರೊಬ್ಬರು ಸುಮಾರು 27 ವರ್ಷ ಸೇವೆ ಮಾಡಿದ್ದರು. ಪಿಂಚಣಿಯಾದರೂ ಸಿಗುವಂತೆ ವಜಾವನ್ನು ಕಡ್ಡಾಯ ನಿವೃತ್ತಿಯಾಗಿ ಬದಲಿಸಿ ಎಂದು ಅವರು ಕೇಳಿಕೊಂಡರು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನೂ ಒಪ್ಪಲಿಲ್ಲ. ನೇಮಕಾತಿಯೇ ಮೋಸದಿಂದ ಆಗಿದ್ದರೆ ಅದರ ಮೇಲೆ ಕಟ್ಟಿದ ಸೇವೆಗೆ ಬುಡವೇ ಇಲ್ಲ ಎಂಬುದು ಅದರ ನಿಲುವು. ಜನ್ಮದಿನಾಂಕದ ಸುಳ್ಳು ದಾಖಲೆ ಕೊಟ್ಟು ಕೆಲಸ ಪಡೆದ ನೌಕರನೊಬ್ಬನ ಗ್ರಾಚ್ಯುಟಿ ಮುಟ್ಟುಗೋಲನ್ನು 2025ರ ಫೆಬ್ರವರಿಯಲ್ಲಿ ಅದೇ ನ್ಯಾಯಾಲಯ ಎತ್ತಿಹಿಡಿಯಿತು. ಅದಕ್ಕೆ ಕ್ರಿಮಿನಲ್ ಶಿಕ್ಷೆಯಾಗಿರಲೇಬೇಕೆಂದಿಲ್ಲ ಎಂದೂ ಹೇಳಿತು.

ಕೆಲಸವನ್ನಂತೂ ಚೆನ್ನಾಗಿ ಮಾಡಿದ್ದೆನಲ್ಲ?

ಸಿಕ್ಕಿಬಿದ್ದವರೆಲ್ಲ ಕೇಳುವ ಪ್ರಶ್ನೆ ಇದು, ಮತ್ತು ಇದು ಪೊಳ್ಳು ಪ್ರಶ್ನೆಯಲ್ಲ. ಬ್ರಿಟನ್ನಿನ ಅತ್ಯುನ್ನತ ನ್ಯಾಯಾಲಯ 2022ರಲ್ಲಿ ಇದನ್ನೇ ಕೂತು ಲೆಕ್ಕ ಹಾಕಿತು. ಜಾನ್ ಆಂಡ್ರ್ಯೂಸ್ ಎಂಬಾತ ಇಲ್ಲದ ಪದವಿಗಳನ್ನೂ ಅನುಭವವನ್ನೂ ತೋರಿಸಿ 2004ರಲ್ಲಿ ಸಾಮರ್‌ಸೆಟ್‌ನ ಆರೈಕೆ ಕೇಂದ್ರವೊಂದರ ಮುಖ್ಯಸ್ಥನಾದ. ಮುಂದೆ ಸರ್ಕಾರಿ ಆರೋಗ್ಯ ಸೇವೆಯ ಸಂಸ್ಥೆಗಳ ಅಧ್ಯಕ್ಷ ಸ್ಥಾನಗಳೂ ಸಿಕ್ಕವು. ಕೆಲಸದ ಬಗ್ಗೆ ದೂರಿರಲಿಲ್ಲ, ಮೆಚ್ಚುಗೆಯೇ ಇತ್ತು. ಸುಳ್ಳು ಹೊರಬಿದ್ದ ಮೇಲೆ ಎರಡು ವರ್ಷ ಜೈಲಾಯಿತು. ಉಳಿದದ್ದು ಹಣದ ಪ್ರಶ್ನೆ: ಅಷ್ಟೂ ವರ್ಷಗಳ ಸಂಬಳ ವಾಪಸ್ ಕೊಡಬೇಕೇ, ದುಡಿದದ್ದಕ್ಕೆ ಪಡೆದದ್ದು ಎಂದು ಬಿಟ್ಟುಬಿಡಬೇಕೇ?

ನ್ಯಾಯಾಲಯ ನಡುವಿನ ದಾರಿ ಹಿಡಿಯಿತು. ದುಡಿಮೆಗೆ ಬೆಲೆಯಿದೆ, ಆದ್ದರಿಂದ ಪೂರ್ತಿ ಕಿತ್ತುಕೊಳ್ಳುವುದು ಅತಿಯಾಗುತ್ತದೆ. ಆದರೆ ಸುಳ್ಳು ಹೇಳದಿದ್ದರೆ ಅವನು ಗಳಿಸುತ್ತಿದ್ದ ಮೊತ್ತಕ್ಕೂ ಸುಳ್ಳಿನಿಂದ ಗಳಿಸಿದ ಮೊತ್ತಕ್ಕೂ ಇರುವ ವ್ಯತ್ಯಾಸ ಅವನದಲ್ಲ. ಅವನ ಬಳಿ ಉಳಿದಿದ್ದ 96,737 ಪೌಂಡ್ ಈ ಲೆಕ್ಕದಲ್ಲಿ ಹೋಯಿತು.

ಅರ್ಹತೆ ಪೂರ್ತಿ ಇಲ್ಲದಿದ್ದರೆ?

ಸರ್ಕಾರಿ ಅಧಿಸೂಚನೆಯಲ್ಲಿ ಬರೆದ ಅರ್ಹತೆ ಕಲ್ಲಿನ ಗೆರೆ. ಅಧಿಸೂಚನೆ ಬೇರೆ ದಿನಾಂಕ ಹೇಳದಿದ್ದರೆ, ಅರ್ಜಿ ಸಲ್ಲಿಸುವ ಕೊನೆಯ ದಿನಕ್ಕೆ ಆ ಅರ್ಹತೆ ಕೈಯಲ್ಲಿರಬೇಕು. ಮುಂದಿನ ವಾರ ಫಲಿತಾಂಶ ಬರುತ್ತದೆ ಎಂಬುದು ನಡೆಯುವುದಿಲ್ಲ.

ಖಾಸಗಿ ಜಾಹೀರಾತು ಹಾಗಲ್ಲ. ಎಷ್ಟೋ ಸಲ ಅದು ವರನ ಕಡೆಯವರ ಬೇಡಿಕೆ ಪಟ್ಟಿ ಇದ್ದಂತೆ. ಎತ್ತರ, ಬಣ್ಣ, ಓದು, ಸಂಗೀತ ಎಲ್ಲವನ್ನೂ ಕೇಳಿ ಕೊನೆಗೆ ಎರಡಕ್ಕೆ ಒಪ್ಪುತ್ತಾರೆ. ಐದು ವರ್ಷ ಕೇಳಿದ ಕಡೆ ಮೂರು ವರ್ಷ ಎಂದು ನಿಜ ಬರೆದೇ ಅರ್ಜಿ ಹಾಕುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಓದಿನ ನಡುವೆ ಬಿಡುವಾಗಿದ್ದರೆ, ತಾಯಿಯ ಕಾಯಿಲೆಗೋ ಹೆರಿಗೆಗೋ ಪರೀಕ್ಷೆಯ ತಯಾರಿಗೋ ಒಂದು ವರ್ಷ ಹೋಗಿದ್ದರೆ, ಅದನ್ನು ಒಂದೇ ಸಾಲಿನಲ್ಲಿ ಹೇಳಿದರೆ ಸಾಕು. ಕಾಲೇಜಿನ ಪ್ರಾಜೆಕ್ಟನ್ನು ಪ್ರಾಜೆಕ್ಟ್ ಎಂದೇ ಕರೆದರೂ ಅದರ ಬಗ್ಗೆ ಅರ್ಧ ಗಂಟೆ ಮಾತನಾಡಬಲ್ಲವರು, ಕೊಂಡ ಅನುಭವದ ಬಗ್ಗೆ ಎರಡನೇ ಪ್ರಶ್ನೆಗೇ ತಡವರಿಸುವವರಿಗಿಂತ ಮುಂದಿರುತ್ತಾರೆ.

ಈಗಾಗಲೇ ತಪ್ಪು ವಿವರ ಕೊಟ್ಟು, ಪರಿಶೀಲನೆಯ ಇಮೇಲ್ ಬಂದಿದೆಯೇ? ನಮೂನೆಗೆ ಸಹಿ ಹಾಕುವ ಮುನ್ನ ನೇಮಕಾತಿ ವಿಭಾಗಕ್ಕೆ ಬರೆದು ತಿದ್ದುಪಡಿ ತಿಳಿಸುವ ಅವಕಾಶ ಆ ದಿನಕ್ಕೂ ಉಳಿದಿರುತ್ತದೆ. ದಿನಾಂಕ ಎರಡು ತಿಂಗಳು ಆಚೀಚೆ ಆಗಿದ್ದರೆ ಕ್ಷಮಿಸುವ ಕಂಪನಿಗಳಿವೆ, ಪದವಿಯೇ ಇಲ್ಲದಿದ್ದರೆ ಕೆಲಸ ಉಳಿಯುವುದು ಕಷ್ಟ. ಆದರೂ ಖೊಟ್ಟಿ ಅಂಕಪಟ್ಟಿ ಇನ್ನೂ ನಿಮ್ಮ ಕಪಾಟಿನಲ್ಲೇ ಇದೆ, ಕಂಪನಿಯ ಕಡತ ಸೇರಿಲ್ಲ. 318ಕ್ಕೂ 340ಕ್ಕೂ ನಿಮಗೂ ನಡುವೆ ಆ ಹೊತ್ತಿಗೆ ಇರುವುದು ಅಪ್‌ಲೋಡ್ ಎಂಬ ಒಂದು ಗುಂಡಿ.